9 ವಾರದ ಬಸುರಿ, ವಾಂತಿ ನಿಲ್ಲುತ್ತಿಲ್ಲ. ನಾಡಿ 118, ಬಿಪಿ 92/58. ಇದು ಮಾಮೂಲಾ?

ಸುಲಿಮನೆ (ರಿಪ್ಪನ್‌ಪೇಟೆ ಹತ್ತಿರ)

ನಮಸ್ಕಾರ. ಗೊತ್ತಿರುವವರು ದಯವಿಟ್ಟು ಹೇಳಿ. ನನ್ನ ಹೆಂಡತಿಗೆ ಈಗ 9 ವಾರ, ಮೊದಲ ಬಸಿರು. ಆರನೇ ವಾರಕ್ಕೆ ವಾಂತಿ ಶುರುವಾಯಿತು, ಈಗಂತೂ ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಅಡಿಕೆ ಕೊಯ್ಲು, ಸುಲಿತ ಎಲ್ಲ ನಡೆಯುತ್ತಿದೆ, ಅಂಗಳದಲ್ಲಿ ಹಂಡೆ ಇಟ್ಟು ಬೇಯಿಸುತ್ತಾರೆ, ಆ ಚೊಗರಿನ ವಾಸನೆ ಕಿಟಕಿಯಿಂದ ಬಂದರೆ ಸಾಕು, ಬಚ್ಚಲಿಗೆ ಓಡುತ್ತಾಳೆ. ಮೊದಲೆಲ್ಲ ಊಟ ಬರುತ್ತಿತ್ತು, ಈಗ ಬರೀ ಹಳದಿ ನೀರು.

ನಿನ್ನೆ ರಾತ್ರಿ ಎದೆ ಡವಡವ ಅನ್ನುತ್ತಿದೆ ಅಂದಳು. ಅಪ್ಪನ ಬಿಪಿ ಮಿಷನ್ ಮನೆಯಲ್ಲೇ ಇದೆ, ಹಾಕಿ ನೋಡಿದೆ. ಮಲಗಿದ್ದಾಗ 92/58, ನಾಡಿ 118. ಎದ್ದು ನಿಲ್ಲಿಸಿದಾಗ ನಾಡಿ 136ಕ್ಕೆ ಹೋಯಿತು, ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತಳು. ತಾಯಿ ಕಾರ್ಡಿನಲ್ಲಿ ಮೊದಲು ಬರೆದಿರುವ ಬಿಪಿ 110/70. ತೂಕ 52 ಇತ್ತು, ಈಗ 48.

ಪೇಟೆಯಲ್ಲಿ ಒಂದು ಕಡೆ ತೋರಿಸಿದ್ದೆವು. ಒಂದು ಇಂಜೆಕ್ಷನ್ ಹಾಕಿ, ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅಂತ ಕಳಿಸಿದರು. ಬಿಪಿ ಪಟ್ಟಿಯನ್ನೂ ಕಟ್ಟಲಿಲ್ಲ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡಿಗೆ ನೋಡುವ ಹಾರ್ಮೋನು) 0.04 ಬಂದಿದೆ, ಪಕ್ಕದಲ್ಲಿ ಕಡಿಮೆ ಅಂತ ಗುರುತು ಹಾಕಿದ್ದಾರೆ. ಲ್ಯಾಬಿನ ಹುಡುಗ ಥೈರಾಯ್ಡ್ ಇರಬಹುದು ಅಂದ. ಅಮ್ಮ ಏನೂ ಆಗಲ್ಲ, ಮೂರು ತಿಂಗಳು ತುಂಬಿದರೆ ತಾನಾಗೇ ನಿಲ್ಲುತ್ತೆ ಅನ್ನುತ್ತಾರೆ. ಇದು ಹೃದಯದ ತೊಂದರೆನಾ? ಥೈರಾಯ್ಡಾ? ಮಗುವಿಗೆ ಏನಾದರೂ ಆಗುತ್ತಾ? ಸೋಮವಾರದವರೆಗೆ ಕಾಯಬಹುದಾ?

ಹಳೇತೋಟ

ಗಾಬರಿ ಬೇಡ ತಮ್ಮಾ. ನಂಗೂ ಎರಡು ಬಸಿರಿನಲ್ಲೂ ಹೀಗೇ ಆಗಿತ್ತು, ಆಗ ಯಾರೂ ಬಿಪಿ ಗಿಪಿ ನೋಡ್ತಿರಲಿಲ್ಲ. ಶುಂಠಿ ತಂಬುಳಿ ಮಾಡಿ ತೆಳ್ಳಗೆ ಕೊಡಿ, ಮುರುಗಲು ಸಿಪ್ಪೆ ನೆನೆಸಿದ ನೀರಿಗೆ ಉಪ್ಪು ಬೆಲ್ಲ ಹಾಕಿ ಕೊಡಿ. ಬಿಪಿ ಕಡಿಮೆ ಅಂದರೆ ಉಪ್ಪು ಜಾಸ್ತಿ ತಿನ್ನಲಿ. ಅವಳ ಹಾಸಿಗೆಯನ್ನು ಮೊದಲು ಹಂಡೆ ಇಟ್ಟ ಕಡೆಯಿಂದ ದೂರದ ಕೋಣೆಗೆ ಹಾಕಿ. ಗಂಡಸರಿಗೆ ಇದೆಲ್ಲ ಹೊಳೆಯಲ್ಲ.

ಸಾಗರದವಳು

ಹಾಸಿಗೆ ಬದಲಿಸೋದು ಸರಿ ಅಮ್ಮಾ, ಅದು ನಿಜವಾಗಿಯೂ ಸಹಾಯ ಮಾಡುತ್ತೆ. ಆದರೆ ನೀರೇ ನಿಲ್ಲದವಳಿಗೆ ತಂಬುಳಿ ಎಲ್ಲಿ ನಿಲ್ಲುತ್ತೆ ಹೇಳಿ.

ಸುಲಿಮನೆ ಅವರೇ, ಸೋಮವಾರದವರೆಗೆ ಕಾಯಬೇಡಿ. ಇವತ್ತೇ ಹೊರಡಿ. ನನಗೆ ಇದೇ ಆಗಿತ್ತು. ಮನೆಯಲ್ಲಿ ಎಲ್ಲರೂ ವಾಂತಿಯನ್ನು ನೋಡುತ್ತಿದ್ದರು, ನಾನು ಮೂತ್ರ ಮಾಡಿ ಎಷ್ಟು ಹೊತ್ತಾಯಿತು ಅಂತ ಒಬ್ಬರೂ ಕೇಳಲಿಲ್ಲ. ಬೆಳಿಗ್ಗೆ ಹೋದವಳು ಸಂಜೆ ಹೋದೆ, ಅದೂ ಕಷಾಯದ ಬಣ್ಣ, ಒಂದೆರಡು ಚಮಚ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ದಿಂಬಿಗೆ ಕಿವಿ ಇಟ್ಟರೆ ಎದೆ ಬಡಿತವೇ ಕೇಳುತ್ತಿತ್ತು, ಅದಕ್ಕೇ ನಿದ್ದೆಯೂ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಸ್ವಲ್ಪ ಹೊತ್ತಿಗೆ ಆ ಡವಡವ ಇಳಿಯಿತು ನೋಡಿ, ಅದಕ್ಕೆ ಮುಂಚೆ ನಾನು ಹೃದಯವೇ ಕೆಟ್ಟಿದೆ ಅಂದುಕೊಂಡಿದ್ದೆ.

ಇನ್ನೊಂದು ಮಾತು, ಸಿಟ್ಟಿನಿಂದಲೇ ಹೇಳುತ್ತೇನೆ. ನನ್ನನ್ನು ನಾಟಕ ಮಾಡ್ತಾಳೆ, ಕೆಲಸ ತಪ್ಪಿಸ್ತಾಳೆ ಅಂದವರಿದ್ದಾರೆ. ಡಾಕ್ಟರುಗಳೇ ಒಂದು ಕಾಲದಲ್ಲಿ ಇದು ಮನಸ್ಸಿನ ಕಾಯಿಲೆ ಅಂತಿದ್ದರಂತೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಓದಿ. ಜಿಡಿಎಫ್15 ಅನ್ನುವ ಹಾರ್ಮೋನು ಬಸಿರಲ್ಲಿ ಏರುತ್ತೆ, ಹೆಚ್ಚಾಗಿ ಮಗುವಿನ ಕಡೆಯಿಂದಲೇ ಬರೋದು. ಬಸಿರಾಗುವ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇರುತ್ತೋ ಅವರಿಗೆ ಇದರ ಹೊಡೆತ ಜಾಸ್ತಿ. ನಾಟಕ ಅಂದವರಿಗೆ ಅದನ್ನು ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ.

ರಾತ್ರಿಪಾಳಿ

ನಾನು ಸ್ಟಾಫ್ ನರ್ಸ್, ಹೆರಿಗೆ ವಾರ್ಡಿನ ಕೆಲಸ. ಹೊರಡೋದಕ್ಕೆ ತಯಾರಿ ಮಾಡಿಕೊಳ್ಳುತ್ತಲೇ ಇದನ್ನು ಓದಿ.

ಮೊದಲು ಮಾಮೂಲಿ ಯಾವುದು ಅಂತ ಹೇಳುತ್ತೇನೆ. ಬಸಿರು ನಿಂತ ಮೊದಲ ವಾರಗಳಲ್ಲೇ ಹಾರ್ಮೋನಿನಿಂದ ರಕ್ತನಾಳ ಸಡಿಲವಾಗುತ್ತದೆ. ಹಾಗಾಗಿ ಬಿಪಿ ಸ್ವಲ್ಪ ಇಳಿಯುತ್ತದೆ, ಅದರಲ್ಲೂ ಕೆಳಗಿನ ಸಂಖ್ಯೆ 5ರಿಂದ 10 ಇಳಿಯಬಹುದು. ಐದು ತಿಂಗಳ ಸುಮಾರಿಗೆ ಅತಿ ಕಡಿಮೆ ಇದ್ದು ಆಮೇಲೆ ಮತ್ತೆ ಏರುತ್ತದೆ. ನಾಡಿಯೂ ಮುಂಚಿಗಿಂತ 10-20 ಜಾಸ್ತಿ ಆಗುತ್ತದೆ. ಹೀಗಾಗಿ ಚೆನ್ನಾಗಿ ಊಟ ಮಾಡಿಕೊಂಡು ಓಡಾಡುವ ಬಸುರಿಗೆ 100/60, ನಾಡಿ 88 ಅಂತ ಬಂದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ.

ನಿಮ್ಮ ಮನೆಯಲ್ಲಿ ಆಗುತ್ತಿರುವುದು ಅದಲ್ಲ. ವಾಂತಿಯಲ್ಲಿ ನೀರೂ ಉಪ್ಪೂ ಹೊರಗೆ ಹೋಗಿದೆ. ಬಾವಿಯಲ್ಲಿ ನೀರು ತಳ ಸೇರಿದಾಗ ಮೋಟರ್ ಎಷ್ಟು ಓಡಿದರೂ ತೋಟದ ಪೈಪಿನಲ್ಲಿ ಜೋರು ಬರಲ್ಲ ನೋಡಿ, ಹಾಗೆ. ಮೈಯಲ್ಲಿ ನೀರಿನಂಶ ಕಡಿಮೆಯಾದಾಗ ಹೃದಯ ಬೇಗ ಬೇಗ ಬಡಿದು ಸರಿದೂಗಿಸಲು ನೋಡುತ್ತದೆ. ಅದಕ್ಕೇ 118. ಅಷ್ಟು ಬಡಿದರೂ ಬಿಪಿ 92ಕ್ಕೇ ನಿಂತಿದೆ. ಮನೆಯಲ್ಲಿ ನೆನಪಿಡುವಷ್ಟು ಸುಲಭದ ಲೆಕ್ಕ ಒಂದಿದೆ: ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ದಾಟಿದರೆ ಅದು ಎಚ್ಚರಿಕೆ. ನಾವು ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡುತ್ತೇವೆ, 0.9 ದಾಟಿದರೇ ಹುಷಾರಾಗುತ್ತೇವೆ. ನಿಮ್ಮದು 1.28. ಆಸ್ಪತ್ರೆಯ ಬಸುರಿಯರ ಚಾರ್ಟಿನಲ್ಲಿ ನಾಡಿ 120 ದಾಟಿದರೆ, ಇಲ್ಲವೇ ಮೇಲಿನ ಬಿಪಿ 90ಕ್ಕಿಂತ ಕೆಳಗೆ ಹೋದರೆ ಕೆಂಪು ಗುರುತು. ನಿಂತಾಗ ನಿಮ್ಮವರು ಆ ಗೆರೆ ದಾಟಿ ಆಗಿದೆ. ತೂಕವೂ 52ರಿಂದ 48 ಅಂದರೆ ನೂರಕ್ಕೆ ಏಳಕ್ಕಿಂತ ಜಾಸ್ತಿ ಇಳಿದಿದೆ, 5 ಇಳಿದರೇ ಸುಮ್ನೆ ಬಿಡಬಾರದು ಅನ್ನುತ್ತೇವೆ.

ಈಗ ನನಗೆ ಮುಖ್ಯವಾದ ಪ್ರಶ್ನೆ: ಸ್ಕ್ಯಾನ್ ಆಗಿದೆಯಾ? ಪಿಂಡ ಗರ್ಭಕೋಶದ ಒಳಗೇ ಇದೆ ಅಂತ ನೋಡಿದ್ದಾರಾ? ಕೆಲವರಿಗೆ ಅದು ಗರ್ಭಕೋಶದ ಪಕ್ಕದ ನಾಳದಲ್ಲಿ ನಿಂತಿರುತ್ತದೆ. ಆ ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ, ಹೊರಗೆ ಬರೀ ಒಂದು ಹನಿ ಕಾಣಬಹುದು, ಕಾಣದೆಯೂ ಇರಬಹುದು. ಆಗಲೂ ನಾಡಿ ಓಡುತ್ತದೆ, ಬಿಪಿ ಬೀಳುತ್ತದೆ, ಮನೆಯವರು ವಾಂತಿ ಸುಸ್ತು ಅಂತಲೇ ತಿಳಿದುಕೊಂಡಿರುತ್ತಾರೆ. ಕೆಳಹೊಟ್ಟೆ ಒಂದು ಕಡೆ ಚುಚ್ಚಿದ ಹಾಗೆ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವುದು, ಬಟ್ಟೆಗೆ ರಕ್ತ, ಇವುಗಳಲ್ಲಿ ಒಂದಿದ್ದರೂ ಕಾರಿಗಾಗಿ ಹುಡುಕಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಉಪ್ಪು ಜಾಸ್ತಿ ತಿನ್ನಿಸುವುದು ಈಗ ಬೇಡ, ಬರೀ ಉಪ್ಪಿಗೆ ಇನ್ನಷ್ಟು ವಾಂತಿಯಾಗುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಓಆರ್‌ಎಸ್ ಅನ್ನು ಪೂರ್ತಿ 1 ಲೀಟರ್ ನೀರಿಗೆ ಕರಗಿಸಿ, ಐದೈದು ನಿಮಿಷಕ್ಕೆ ಒಂದೆರಡು ಚಮಚ ಬಾಯಿಗೆ ಹಾಕಿ. ಲೋಟಗಟ್ಟಲೆ ಕುಡಿಸಬೇಡಿ. ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ತಿರುಗಿ ಮಲಗಲಿ.

ಸುಲಿಮನೆ

ತುಂಬಾ ಥ್ಯಾಂಕ್ಸ್ ಮೇಡಂ. ಸ್ಕ್ಯಾನ್ ಏಳನೇ ವಾರದಲ್ಲಿ ಆಗಿದೆ, ಒಳಗೇ ಇದೆ, ಒಂದೇ ಮಗು, ಹೃದಯ ಬಡಿತ ಇದೆ ಅಂತ ಬರೆದಿದ್ದಾರೆ. ಹೊಟ್ಟೆ ನೋವು, ರಕ್ತ ಏನೂ ಇಲ್ಲ. ಮೂತ್ರ ಕೇಳಿದೆ, ನಿನ್ನೆ ರಾತ್ರಿ ಮಲಗುವ ಮುಂಚೆ ಹೋದದ್ದೇ ಕೊನೆ. ಭಾವನ ಓಮ್ನಿ ಬರುತ್ತಿದೆ, ಶಿವಮೊಗ್ಗಕ್ಕೇ ಹೋಗುತ್ತೇವೆ. ಹೋದ ತಕ್ಷಣ ಗ್ಲೂಕೋಸ್ ಬಾಟಲಿ ಹಾಕಿ ಅಂತ ಕೇಳಬಹುದಾ? ಥೈರಾಯ್ಡ್ ಬಗ್ಗೆಯೂ ಹೇಳಿ.

ರಾತ್ರಿಪಾಳಿ

ಗ್ಲೂಕೋಸ್ ಹಾಕಿ ಅಂತ ನೀವಾಗಿ ಹಠ ಹಿಡಿಯಬೇಡಿ. ನಮ್ಮ ಕಡೆ ಎಲ್ಲರೂ ಕೇಳುವುದು ಅದನ್ನೇ, ಬಾಟಲಿ ಏರಿಸಿದರೆ ಶಕ್ತಿ ಬರುತ್ತೆ ಅಂತ. ವಾರಗಟ್ಟಲೆ ವಾಂತಿ ಮಾಡಿಕೊಂಡವರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಮೊದಲೇ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಬಿ1 ಕೂಡ ಮುಗಿದು ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣ. ಅಪರೂಪ, ಆದರೆ ಆಗುತ್ತದೆ. ಸಾಮಾನ್ಯವಾಗಿ ಹಾಕುವುದು ನಾರ್ಮಲ್ ಸಲೈನ್, ಪೊಟ್ಯಾಸಿಯಂ ಕಡಿಮೆ ಇದ್ದರೆ ಅದನ್ನೂ ಸೇರಿಸುತ್ತಾರೆ, ಜೊತೆಗೆ ಬಿ1. ನೀವು ಕೇಳಬಹುದಾದದ್ದು ಇಷ್ಟು: ಇವಳು ಮೂರು ವಾರದಿಂದ ಸರಿಯಾಗಿ ಊಟ ಮಾಡಿಲ್ಲ, ಥಯಾಮಿನ್ (ಅದೇ ಬಿ1) ಕೊಡ್ತೀರಾ? ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಮಾಡಿಕೊಳ್ಳಲಿ.

ಪೊಟ್ಯಾಸಿಯಂ ಯಾಕೆ ಅಂದರೆ, ಅದು ಇಳಿದರೆ ಹೃದಯದ ಬಡಿತದ ತಾಳವೇ ತಪ್ಪಬಹುದು. ಅದಕ್ಕೇ ಒಂದು ಇಸಿಜಿ ತೆಗೆಯುತ್ತಾರೆ. ಇಸಿಜಿ ಅಂದ ತಕ್ಷಣ ಹಾರ್ಟ್ ಪ್ರಾಬ್ಲಂ ಅಂತ ಅಮ್ಮನಿಗೆ ಫೋನ್ ಮಾಡಿ ಹೆದರಿಸಬೇಡಿ.

ಥೈರಾಯ್ಡ್: ಬಸಿರಿನ ಎಚ್‌ಸಿಜಿ ಹಾರ್ಮೋನು, ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಟಿಎಸ್‌ಎಚ್ ಹಾರ್ಮೋನನ್ನೇ ಹೋಲುತ್ತದೆ. ಹಾಗಾಗಿ ಅದು ಥೈರಾಯ್ಡ್ ಗ್ರಂಥಿಯನ್ನು ತಟ್ಟಿ ಎಬ್ಬಿಸುತ್ತದೆ, ಟಿಎಸ್‌ಎಚ್ ತಾನಾಗಿ ಕೆಳಗೆ ಹೋಗುತ್ತದೆ. ವಾಂತಿ ಜೋರಿರುವವರಲ್ಲಿ ಇದು ತುಂಬಾ ಸಾಮಾನ್ಯ. ಕುತ್ತಿಗೆ ಊದಿಲ್ಲ, ಕಣ್ಣು ಮುಂದೆ ಬಂದಿಲ್ಲ, ಬಸಿರಿಗೆ ಮುಂಚೆ ಥೈರಾಯ್ಡ್ ಇರಲಿಲ್ಲ ಅಂದರೆ ಬಹುತೇಕ ಇದೇ. ಇದಕ್ಕೆ ಥೈರಾಯ್ಡ್ ಮಾತ್ರೆ ಬೇಕಾಗುವುದಿಲ್ಲ, ನಾಲ್ಕು-ಐದು ತಿಂಗಳ ಹೊತ್ತಿಗೆ ಸರಿಹೋಗುತ್ತದೆ. ಆದರೆ ಅದನ್ನು ಲ್ಯಾಬಿನ ಹುಡುಗನೂ ಹೇಳಬಾರದು, ನಾನೂ ಇಲ್ಲಿ ಕೂತು ಹೇಳಬಾರದು. ಟಿ4 (ಥೈರಾಯ್ಡ್ ಗ್ರಂಥಿ ಬಿಡುವ ಹಾರ್ಮೋನು) ನೋಡಿ ಡಾಕ್ಟರ್ ಹೇಳಬೇಕು. ಸಲೈನ್ ಹೋಗಿ ಮೂತ್ರ ಚೆನ್ನಾಗಿ ಬಂದ ಮೇಲೂ ನಾಡಿ ಇಳಿಯದಿದ್ದರೆ ಆಗ ಥೈರಾಯ್ಡ್, ರಕ್ತಹೀನತೆ, ಸೋಂಕು, ಹೃದಯ ಎಲ್ಲವನ್ನೂ ಹುಡುಕುತ್ತಾರೆ.

ಕಾನುಅಂಚು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ ಮಾರಾಯ್ರೆ, ಜ್ವರ ಇದೆಯಾ ಅಂತ ಯಾರೂ ಕೇಳಲೇ ಇಲ್ಲವಲ್ಲ? ಈಗ ಕಾಡಿನ ಉಣುಗಿನಿಂದ ಬರುವ ಮಂಗನ ಕಾಯಿಲೆ ಶುರುವಾಗುವ ಸಮಯ, ಬೇಸಿಗೆ ಮುಗಿಯುವವರೆಗೂ ಇರುತ್ತೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡದ್ದು, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ತೋಟಕ್ಕೆ ಸೊಪ್ಪು ತರಲು ಕಾಡಿಗೆ ಹೋಗುವ ಮನೆಯವರು ಉಣುಗು ಕಚ್ಚಿದೆಯಾ ಅಂತ ನೋಡಿಕೊಳ್ಳಲೇಬೇಕು. ಮೈ ಕೈ ನೋವು, ತಲೆ ಸಿಡಿತ, ವಾಂತಿ ಇದ್ದರೆ ಅದನ್ನು ಬಸಿರಿನ ಲೆಕ್ಕಕ್ಕೆ ಹಾಕಬೇಡಿ.

ರಾತ್ರಿಪಾಳಿ

ಒಳ್ಳೆಯ ಮಾತು. ಥರ್ಮಾಮೀಟರ್ ಇಡಿ. ಬಸಿರಿನ ವಾಂತಿಗೆ ಜ್ವರ ಬರುವುದಿಲ್ಲ, ಬಂದರೆ ಬೇರೆ ಏನೋ ಇದೆ ಅಂತಲೇ ಲೆಕ್ಕ. ಇನ್ನೊಂದು ವಿಚಿತ್ರ ಇದೆ. ಬೇರೆ ಜ್ವರಗಳಲ್ಲಿ ನಾಡಿ ಓಡಿದರೆ, ಮಂಗನ ಕಾಯಿಲೆಯಲ್ಲಿ ಜ್ವರ ಜೋರಿದ್ದೂ ನಾಡಿ ನಿಧಾನವಾಗಿರಬಹುದು, ಬಿಪಿಯೂ ಬೀಳಬಹುದು. ನಾಡಿ 70 ಇದೆ, ಏನಾಗಿಲ್ಲ ಅಂತ ಅಂಥವರನ್ನು ಮನೆಗೆ ಕಳಿಸಿಬಿಡುವ ಅಪಾಯ ಇದೆ. ಕಾಡಂಚಿನ ಊರು ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಅವರು ಬೇರೆ ಜಿಲ್ಲೆಯಿಂದ ಬಂದವರಿರಬಹುದು.

ಔಷಧಿಅಂಗಡಿ

ನಾನು ಮೆಡಿಕಲ್ ಶಾಪ್ ಇಟ್ಟಿದ್ದೇನೆ. ದಿನಾ ನೋಡುವ ಸಂಗತಿ: ಬಸುರಿಗೆ ಡಾಕ್ಟರ್ ವಾಂತಿ ಮಾತ್ರೆ ಬರೆದುಕೊಟ್ಟಿರುತ್ತಾರೆ, ಮನೆಯ ಹಿರಿಯರು ಮಗುವಿಗೆ ಏನಾದರೂ ಆದೀತು ಅಂತ ನುಂಗಲು ಬಿಡುವುದಿಲ್ಲ. ಚೀಟಿ ಹಿಡಿದು ಬಂದು ಫೋಲಿಕ್ ಆಸಿಡ್ ಮಾತ್ರ ತಗೊಂಡು ಹೋಗುತ್ತಾರೆ. ಡಾಕ್ಸಿಲಮೀನ್ ಮತ್ತು ಬಿ6 ವಿಟಮಿನ್ ಸೇರಿದ ವಾಂತಿ ಮಾತ್ರೆಯ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ಅದರ ಮೇಲೆ ಕೇಸಿನ ಮೇಲೆ ಕೇಸು ಬಿದ್ದು 1983ರಲ್ಲಿ ಕಂಪನಿಯೇ ಮಾರುವುದು ನಿಲ್ಲಿಸಿತು. ಆಮೇಲೆ ಎಷ್ಟು ಹುಡುಕಿದರೂ ಮಗುವಿಗೆ ಅಂಗವೈಕಲ್ಯ ತರುತ್ತದೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. 2013ರಲ್ಲಿ ಅಲ್ಲಿಯ ಸರ್ಕಾರ ಮತ್ತೆ ಒಪ್ಪಿಗೆ ಕೊಟ್ಟಿತು. ಇದರಿಂದ ನಿದ್ದೆ ಜಾಸ್ತಿ ಬರುತ್ತದೆ, ಅದಕ್ಕೇ ಸಾಮಾನ್ಯವಾಗಿ ರಾತ್ರಿ ಹೊತ್ತಿಗೆ ಬರೆಯುತ್ತಾರೆ.

ವಾಂತಿಗೇ ಕೊಡುವ ಆನ್‌ಡೆನ್‌ಸೆಟ್ರಾನ್ ಬೇರೆ. ಮೊದಲ ಮೂರು ತಿಂಗಳಲ್ಲಿ ತಗೊಂಡರೆ ಸೀಳುತುಟಿ, ಸೀಳು ಅಂಗುಳದ ಸಾಧ್ಯತೆ 10,000 ಮಕ್ಕಳಲ್ಲಿ 3ರಷ್ಟು ಹೆಚ್ಚಬಹುದು ಅಂತ ಲೆಕ್ಕ ಇದೆ. ತೀರಾ ಕಡಿಮೆ, ಬೇಕೇಬೇಕು ಅಂದಾಗ ಡಾಕ್ಟರ್ ಕೊಡುತ್ತಾರೆ. ಆದರೆ ಪೊಟ್ಯಾಸಿಯಂ ಇಳಿದವರಿಗೆ ಇದು ಬಡಿತದ ಮೇಲೆ ಪರಿಣಾಮ ಮಾಡಬಹುದು, ಆದ್ದರಿಂದ ನಾದಿನಿಗೆ ಕೊಟ್ಟಿದ್ದರು ನಮಗೂ ಕೊಡಿ ಅಂತ ಕೌಂಟರಿನಲ್ಲಿ ಕೇಳಬೇಡಿ.

ತುಂಗೆದಂಡೆ

ನಂದು ಉಲ್ಟಾ. 10 ವಾರ, ವಾಂತಿ ಅಷ್ಟಿಲ್ಲ, ಆದರೆ ಬಿಪಿ 146/94 ಅಂತ ಎರಡು ಸಲ ಬಂತು. ಮದುವೆಗೆ ಮುಂಚೆಯಿಂದ ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ತಗೋತಾ ಇದ್ದೆ, ಈಗಲೂ ತಗೋತಾ ಇದ್ದೀನಿ. ಬಸಿರಲ್ಲಿ ಬಿಪಿ ಇಳಿಯುತ್ತೆ ಅಂತ ಮೇಲೆ ಬರೆದಿದ್ದೀರಲ್ಲ, ಹಾಗಾದರೆ ತಾನೇ ಇಳಿಯುತ್ತಾ?

ಔಷಧಿಅಂಗಡಿ

ಅಕ್ಕಾ, ಆ ಮಾತ್ರೆ ಬಸಿರಲ್ಲಿ ತಗೊಳ್ಳುವ ಹಾಗಿಲ್ಲ. ಮಗುವಿನ ಕಿಡ್ನಿಗೆ ತೊಂದರೆ. ಹೆಸರು ಸಾರ್ಟಾನ್ ಅಂತ ಮುಗಿಯುವವು, ಪ್ರಿಲ್ ಅಂತ ಮುಗಿಯುವವು, ಎರಡೂ ಜಾತಿ ಬೇಡ. ಹಾಗಂತ ಬಿಪಿ ಮಾತ್ರೆಯನ್ನೇ ಬಿಟ್ಟು ಸುಮ್ನೆ ಕೂರಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬಸುರಿಯರಿಗೆ ಆಗುವ ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ ಇವೆ, ಯಾವುದು ಎಷ್ಟು ಅಂತ ಅವರು ಬದಲಿಸಿ ಕೊಡುತ್ತಾರೆ.

ರಾತ್ರಿಪಾಳಿ

ಹೌದು. 20 ವಾರಕ್ಕೆ ಮುಂಚೆ 140/90 ದಾಟಿದರೆ ಅದು ಸಾಮಾನ್ಯವಾಗಿ ಹಳೆಯ ಬಿಪಿಯೇ, ತಾನೇ ಇಳಿಯಲಿ ಅಂತ ಕಾಯುವುದಲ್ಲ. 160/110 ಬಂದರೆ, ಅಥವಾ ತಲೆನೋವು, ಕಣ್ಣು ಮಂಜು ಬಂದರೆ ನೇರ ಆಸ್ಪತ್ರೆಗೆ. ಅಳೆಯುವ ಮುಂಚೆ ಐದು ನಿಮಿಷ ಬೆನ್ನಿಗೆ ಆನಿಸಿಕೊಂಡು ಕೂರಿ, ಕಾಲು ಕತ್ತರಿ ಹಾಕಬೇಡಿ, ಕೈ ಎದೆಯ ಮಟ್ಟಕ್ಕೆ ಇರಲಿ, ಪಟ್ಟಿ ತೋಳಿನ ಗಾತ್ರಕ್ಕೆ ಸರಿಯಾಗಿರಲಿ. ತೋಳು ದಪ್ಪ ಇದ್ದು ಪಟ್ಟಿ ಸಣ್ಣದಾದರೆ ಬಿಪಿ ಜಾಸ್ತಿ ತೋರಿಸುತ್ತದೆ.

ಸುಲಿಮನೆ

ಅಪ್‌ಡೇಟ್ ಹಾಕುತ್ತಿದ್ದೇನೆ. ನಿನ್ನೆ ಅಡ್ಮಿಟ್ ಮಾಡಿಕೊಂಡರು. ಅಲ್ಲಿ ನೋಡಿದಾಗ ನಾಡಿ 124, ಪೊಟ್ಯಾಸಿಯಂ 3.0, ಮೂತ್ರದಲ್ಲಿ ಕೀಟೋನ್ (ಊಟವಿಲ್ಲದಾಗ ಮೈಯ ಕೊಬ್ಬು ಕರಗಿ ಬರುವ ಅಂಶ) 3 ಪ್ಲಸ್. ಸಲೈನ್, ಬಿ1, ವಾಂತಿಗೆ ಇಂಜೆಕ್ಷನ್ ಎಲ್ಲ ಕೊಟ್ಟರು. ಇಸಿಜಿ ತೆಗೆದರು, ಬಡಿತ ಜೋರಿದೆ ಅಷ್ಟೇ, ತಾಳ ಸರಿಯಿದೆ ಅಂದರು. ಇವತ್ತು ಬೆಳಿಗ್ಗೆ 104/66, ನಾಡಿ 94. ಮಗು ಸರಿಯಾಗಿದೆ. ಟಿ4 ಸ್ವಲ್ಪ ಹೆಚ್ಚಿದೆ, ಥೈರಾಯ್ಡಿಗೆ ಮಾತ್ರೆ ಬೇಡ, ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಅಂದರು. ಜ್ವರ ಇಲ್ಲ. ಇವತ್ತು ಎರಡು ತುತ್ತು ಗಂಜಿ ನಿಂತಿದೆ, ಉಪ್ಪಿನಕಾಯಿ ಬೇಕು ಅಂತ ಕೇಳಿದಳು.

ಎರಡು ಪ್ರಶ್ನೆ. ಮನೆಗೆ ಬಂದ ಮೇಲೆ ಮತ್ತೆ ಹೀಗಾಗುತ್ತಾ? ಆಶಾ ಅವರು ಕೊಟ್ಟ ಕಬ್ಬಿಣದ ಮಾತ್ರೆ ಮನೆಯಲ್ಲಿದೆ, ಅದನ್ನು ಶುರು ಮಾಡಬೇಕಾ?

ಸಾಗರದವಳು

ಉಪ್ಪಿನಕಾಯಿ ಕೇಳಿದಳು ಅಂದರೆ ಅರ್ಧ ಗೆದ್ದ ಹಾಗೆ. ಮತ್ತೆ ಆಗಬಹುದು, ನನಗೆ ಆಗಿತ್ತು, ಮತ್ತೆ ಡ್ರಿಪ್ ಹಾಕಿಸಿಕೊಂಡು ಬಂದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಒಣ ಅವಲಕ್ಕಿನೋ ಟೋಸ್ಟೋ ಬಾಯಿಗೆ ಹಾಕಿಕೊಳ್ಳಲಿ, ಊಟದ ಜೊತೆ ನೀರು ಕುಡಿಯದೆ ಮಧ್ಯೆ ಮಧ್ಯೆ ಗುಟುಕು ಕುಡಿಯಲಿ, ಬಿಸಿ ಅನ್ನದ ಆವಿಗಿಂತ ಆರಿದ ಊಟ ವಾಸಿ. ಈಗ ಹಳೇತೋಟದ ಅಮ್ಮನ ತಂಬುಳಿ ಕೊಡಿ, ಈಗ ನಿಲ್ಲುತ್ತೆ.

ಹಳೇತೋಟ

ಒಗ್ಗರಣೆ ಹಾಕಬೇಡಿ ಮತ್ತೆ, ಆ ವಾಸನೆಗೂ ಬರುತ್ತೆ.

ರಾತ್ರಿಪಾಳಿ

ಕೀಟೋನ್ ಎಷ್ಟು ಪ್ಲಸ್ ಅನ್ನುವುದನ್ನು ಹಿಡಿದುಕೊಂಡು ಇನ್ನು ಮುಂದೆ ಲೆಕ್ಕ ಹಾಕಬೇಡಿ, ಅದು ನೀರು ಎಷ್ಟು ಕಡಿಮೆಯಾಗಿದೆ ಅಂತ ಹೇಳುವುದಿಲ್ಲ. ನೀವು ನೋಡಬೇಕಾದದ್ದು ಮೂತ್ರ, ತೂಕ, ಎದ್ದು ನಿಂತಾಗ ಹೇಗಾಗುತ್ತದೆ ಅನ್ನುವುದು. ಹಗಲು ಹೊತ್ತಿನಲ್ಲಿ ಎಂಟು ಗಂಟೆ ಮೂತ್ರ ಬರಲಿಲ್ಲ, ಅಥವಾ ಇಡೀ ದಿನ ಕುಡಿದದ್ದು ನಿಲ್ಲಲಿಲ್ಲ, ಅಥವಾ ವಾಂತಿಯಲ್ಲಿ ರಕ್ತ ಕಂಡಿತು ಅಂದರೆ ಮತ್ತೆ ಕರೆದುಕೊಂಡು ಬನ್ನಿ. ಬಿಪಿ ಮಿಷನ್ ದಿನಕ್ಕೆ ಎರಡು ಸಲ ಸಾಕು, ಗಂಟೆಗೊಮ್ಮೆ ಹಾಕಿದರೆ ಹೆದರಿಕೆಗೇ ನಾಡಿ ಏರುತ್ತದೆ. ಮಿಷನ್ ಮೇಲೆ ಅನುಮಾನ ಬಂದರೆ ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡಕ್ಕೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 9 ವಾರದ ಸುಮಾರಿಗೇ ಇದು ಎಲ್ಲಕ್ಕಿಂತ ಜೋರು, ಹೆಚ್ಚಿನವರಿಗೆ 16ರಿಂದ 20 ವಾರದೊಳಗೆ ಇಳಿಯುತ್ತದೆ.

ಕಬ್ಬಿಣದ ಮಾತ್ರೆ ಈಗ ಬೇಡ, ಅದು ಹೊಟ್ಟೆ ತೊಳೆಸುವುದನ್ನು ಜಾಸ್ತಿ ಮಾಡುತ್ತದೆ, ಹೇಗೂ ಅದು ಮೂರು ತಿಂಗಳು ತುಂಬಿದ ಮೇಲಿನದ್ದು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಫೋಲಿಕ್ ಆಸಿಡ್ ನಿಲ್ಲಿಸಬೇಡಿ, ಸಣ್ಣ ಮಾತ್ರೆ, ವಾಂತಿ ಕಡಿಮೆ ಇರುವ ಹೊತ್ತಿಗೆ ಕೊಡಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ಎರಡೂ ತಗೊಂಡು ಹೋಗಿ. ಚೀಟಿಯಲ್ಲಿ ಪೊಟ್ಯಾಸಿಯಂ, ಟಿಎಸ್‌ಎಚ್ ಬರೆದಿದ್ದಾರಾ ಅಂತ ವಾರ್ಡಿನಿಂದ ಹೊರಡುವ ಮುಂಚೆಯೇ ನೋಡಿಕೊಳ್ಳಿ, ಆಮೇಲೆ ಅದಕ್ಕೋಸ್ಕರ ಮತ್ತೆ ಶಿವಮೊಗ್ಗಕ್ಕೆ ಬರುವುದು ಯಾರಿಗೆ ಬೇಕು.